ಮಳೆಗಾಲದಲ್ಲಿ ಜೇನಿನ ಮರಿಸಾಕಣೆ

ನಿಪ್ಪಾಣಿ ಸೀಮೆಯಲ್ಲಿ ತುಡುವೆ ಜೇನನ್ನು ಸಾಕುವ ರೈತರು ಒಂದು ಸಂಗತಿಯನ್ನು ಮುಖ್ಯವಾಗಿ ಲಕ್ಷ್ಯದಲ್ಲಿಡತಕ್ಕದ್ದು. ಮಳೆ ಹಿಂದೆಗೆದ ಮೇಲೆ ಬರುವ ಹೂವಿನಿಂದ ಪೆಟ್ಟಿಗೆಯು ತುಂಬಬೇಕಾದರೆ, ಆ ಹೂವಿಗೆ ಆರು ವಾರ ಮೊದಲೇ ಎರಿಗಳಲ್ಲಿ ಮರಿಗಳು ತುಂಬಿರಬೇಕು. ರಾಣಿಯಿಟ್ಟ ತತ್ತಿಯು ೩ ದಿನಗಳಲ್ಲಿ ಮರಿಹುಳುವಾಗುತ್ತದೆ. ಅದು ಸುಮಾರು ೫ ದಿನ ಉಂಡು ಬೆಳೆದ ಬಳಿಕ ಕೆಲಸಗಾರ ನೊಣಗಳು ಕಣಕ್ಕೆ ಮೇಣದ ಮುಚ್ಚಳವಿಡುತ್ತವೆ. ಸುಮಾರು ೨೦ನೆಯ ದಿನಕ್ಕೆ ಎಳೆಯ ನೊಣವು ಹೊರಬೀಳುತ್ತದೆ. ಅದು ಎರಡು ಮೂರು ವಾರ ಗೂಡಿನೊಳಗೆ ದುಡಿದ ಮೇಲೆಯೇ ಹೂವಿಗೆ ಹೋಗುವುದು.

ಮರಿಗಳಿರುವ ಎರಿಯು ಸುಮಾರು ೩೫ ಅಂಶ ಸೆಂಟಿಗ್ರೇಡ್ ಬಿಸಿಯಲ್ಲಿರಬೇಕು. ಚಳಿಯಲ್ಲಿ ಒತ್ತಾಗಿ ಕುಳಿತೂ ಬೇಸಗೆಯಲ್ಲಿ ನೀರು ತಂದು ರೆಕ್ಕೆ ಬೀಸಿಯೂ ನೊಣಗಳು ಈ ಹದವನ್ನು ಕಾಯುತ್ತವೆ. ಆದರೆ ಆಷಾಢ ಶ್ರಾವಣಗಳಲ್ಲಿ ಜಡಿಮಳೆ ಹಿಡಿದರೆ ಅವು ಹೊರಗೆ ಹೋಗಲಾರವು. ಮರಿಗಳ ಮುಖ್ಯ ಪೋಷಣೆಯಾದ ಪರಾಗವು ಬಾರದಿರಲು ರಾಣಿಯು ತತ್ತಿಯಿಡುವುದನ್ನು ಕಡಿಮೆ ಮಾಡುತ್ತದೆ. ಕೊರತೆಯು ಹೆಚ್ಚಿದರೆ ಕುಟುಂಬವೇ ಗೂಡು ಬಿಟ್ಟು ಹಾರಿಹೋಗುವುದುಂಟು. ನೊಣವಿಲ್ಲದ ಎರಿಗಳಿಗೆ ಮೇಣದ ಹುಳು ಬೀಳುತ್ತದೆ.

ಈ ಸೀಮೆಯ ಬೆಳೆಗಳೆಲ್ಲವೂ ಜೇನಿಗೆ ಉಪಯುಕ್ತವಲ್ಲ. ಬೀಡಿ ತಂಬಾಕಿನಲ್ಲಿ ಎಲೆಯು ಪುಷ್ಟವಾಗಲೆಂದು ಹೂಗುಡಿಯನ್ನು ಚಿವುಟುವುದರಿಂದ ನೊಣಗಳಿಗೆ ಏನೂ ದೊರೆಯದು. ಕಬ್ಬಿನ ಹೂವಿನಲ್ಲಿ ಮಕರಂದವಿಲ್ಲ. ಮಳೆಗಾಲದಲ್ಲಿ ಗೋವಿನಜೋಳ ಮತ್ತು ತೆಂಗು ಪರಾಗವನ್ನು ಕೊಡುತ್ತವೆ. ತರುವಾಯ ಗುರೆಳ್ಳು, ಸೂರ್ಯಕಾಂತಿ, ಕುಸುಬೆಗಳಿಂದ ಪರಾಗ ಮಕರಂದಗಳೆರಡೂ ದೊರೆಯುತ್ತವೆ.

ಆದಕಾರಣ ಮಳೆಗಾಲದಲ್ಲಿ ಮಾಡತಕ್ಕ ಕೆಲಸಗಳು ಇವು: ನೊಣಗಳು ಮುಚ್ಚದಿರುವ ಹೆಚ್ಚಿನ ಎರಿಗಳನ್ನು ತೆಗೆದಿಡಬೇಕು. ಪೆಟ್ಟಿಗೆಯನ್ನು ನೆಲದಿಂದ ಎತ್ತರಿಸಿ, ನೀರು ಒಳಗೆ ನಿಲ್ಲದಂತೆ ಮುಂದಕ್ಕೆ ತುಸು ಬಾಗಿಸಿ, ಬಾಗಿಲನ್ನು ಕಿರಿದು ಮಾಡಬೇಕು. ಸಂಗ್ರಹವು ತೀರಿದ್ದರೆ ಸಮಪ್ರಮಾಣದ ಸಕ್ಕರೆ ನೀರಿನ ಪಾಕವನ್ನು ಸಾಯಂಕಾಲ ಪೆಟ್ಟಿಗೆಯೊಳಗೇ ಇಡಬೇಕು; ಹೊರಗೆ ಚೆಲ್ಲಿದರೆ ಬೇರೆ ಕುಟುಂಬಗಳ ನೊಣಗಳು ಕೊಳ್ಳೆಗೆ ಬರುತ್ತವೆ. ಪಾಕವು ಪರಾಗದ ಸ್ಥಾನವನ್ನು ತುಂಬಲಾರದಾದ್ದರಿಂದ ಪೆಟ್ಟಿಗೆಗಳನ್ನು ಗೋವಿನಜೋಳದ ಹೊಲ ಅಥವಾ ತೆಂಗಿನ ತೋಟದ ಸಮೀಪದಲ್ಲಿಡುವುದು ಲೇಸು.

ದುರ್ಬಲ ಕುಟುಂಬಕ್ಕೆ ಬೇರೆ ಪೆಟ್ಟಿಗೆಯ ಮರಿಯೆರಿಯನ್ನು ಕೊಡುವ ಮೊದಲು ಅದನ್ನು ಪರೀಕ್ಷಿಸತಕ್ಕದ್ದು. ೧೯೯೦ರ ದಶಕದ ಆರಂಭದಲ್ಲಿ ಕರ್ನಾಟಕದ ತುಡುವೆ ಕುಟುಂಬಗಳ ಬಹುಭಾಗವನ್ನು ನಾಶಮಾಡಿದ ಥಾಯಿ ಸ್ಯಾಕ್‌ಬ್ರೂಡ್ ಎಂಬುದು ಮರಿಗಳ ರೋಗವೇ ಆಗಿದ್ದಿತು. ಮರಿಹುಳುಗಳು ನೀರು ತುಂಬಿದ ಚೀಲದಂತೆ ಸತ್ತಿದ್ದರೆ ಆ ಎರಿಯನ್ನು ಬೇರೆ ಪೆಟ್ಟಿಗೆಗೆ ಕೊಡಲಾಗದು.

ಶ್ರಾವಣದಲ್ಲಿ ಮರಿಯನ್ನು ಕಾಯ್ದವನಿಗೆ ಮಾತ್ರ ಗುರೆಳ್ಳಿನ ಹೂವು ಫಲ ಕೊಡುವುದು.