ಪನಾಗಿಯಾ ಅಸಿನೂ
ಪನಾಗಿಯಾ ಅಸಿನೂ ಸೈಪ್ರಸ್ ದ್ವೀಪದಲ್ಲಿ, ಟ್ರೂಡೋಸ್ ಪರ್ವತಶ್ರೇಣಿಯ ಉತ್ತರ ತಪ್ಪಲಿನ ಕಣಿವೆಯೊಂದರಲ್ಲಿರುವ ಬೈಜಾಂಟೈನ್ ಕಾಲದ ಚರ್ಚ್. ಇದು ನಿಕಿತಾರಿ ಗ್ರಾಮದ ಸಮೀಪದಲ್ಲಿದ್ದು, ಯೇಸುವಿನ ತಾಯಿಯಾದ ಮರಿಯಳಿಗೆ ಅರ್ಪಿತವಾಗಿದೆ. ಗ್ರೀಕ್ ಭಾಷೆಯ 'ಪನಾಗಿಯಾ' ಎಂಬ ಪದಕ್ಕೆ 'ಸರ್ವಪವಿತ್ರಳು' ಎಂದರ್ಥ. ಹೊರಗಿನಿಂದ ಸಾಧಾರಣವಾಗಿ ಕಾಣುವ ಈ ಕಟ್ಟಡವು ತನ್ನ ಭಿತ್ತಿಚಿತ್ರಗಳಿಂದ ಪ್ರಸಿದ್ಧವಾಗಿದೆ. 1985ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಟ್ರೂಡೋಸ್ ಪ್ರದೇಶದ ಚಿತ್ರಿತ ಚರ್ಚುಗಳಲ್ಲಿ ಇದೂ ಒಂದು.

ಇತಿಹಾಸ
ಈ ಚರ್ಚ್ ಹಿಂದೆ ಒಂದು ಕ್ರೈಸ್ತ ಮಠದ ಭಾಗವಾಗಿತ್ತು. ಮಠದ ಇತರ ಕಟ್ಟಡಗಳು ಈಗ ಉಳಿದಿಲ್ಲ. ನಿಕೆಫೊರೋಸ್ ಎಂಬ ಬೈಜಾಂಟೈನ್ ಅಧಿಕಾರಿಯು ಇಲ್ಲಿನ ಚಿತ್ರಗಳನ್ನು ಬರೆಯಿಸಿದನೆಂದು ದಕ್ಷಿಣ ಬಾಗಿಲಿನ ಮೇಲಿರುವ ಶಾಸನ ತಿಳಿಸುತ್ತದೆ. ಬೈಜಾಂಟೈನ್ ವರ್ಷವು ಸೆಪ್ಟೆಂಬರ್ ತಿಂಗಳಿನಲ್ಲಿ ಆರಂಭವಾಗುತ್ತಿದ್ದುದರಿಂದ, ಶಾಸನದಲ್ಲಿರುವ ವರ್ಷವನ್ನು ಕ್ರಿ.ಶ. 1105-06 ಎಂದು ಗಣಿಸಲಾಗುತ್ತದೆ. ಹೀಗೆ ಕಾಲ ಖಚಿತವಾಗಿರುವುದರಿಂದ, ತೇದಿಯಿಲ್ಲದ ಇತರ ಬೈಜಾಂಟೈನ್ ಚಿತ್ರಗಳ ಕಾಲನಿರ್ಣಯಕ್ಕೆ ಈ ಚಿತ್ರಗಳು ಆಧಾರವಾಗಿವೆ.

ವಾಸ್ತುಶೈಲಿ
ಪ್ರಾರ್ಥನಾ ಮಂದಿರವು ಕಮಾನು ಛಾವಣಿಯುಳ್ಳ ಒಂದೇ ಅಂಕಣವನ್ನು ಹೊಂದಿದೆ. ಅದರ ಪಶ್ಚಿಮಕ್ಕೆ ಗುಮ್ಮಟವಿರುವ ಮುಖಮಂಟಪವನ್ನು ಅನಂತರ ಸೇರಿಸಲಾಯಿತು. ಕಲ್ಲಿನ ಛಾವಣಿಯ ಮೇಲೆ ಮರದ ತೊಲೆಗಳು ಮತ್ತು ಚಪ್ಪಟೆ ಹೆಂಚುಗಳ ಮತ್ತೊಂದು ಇಳಿಜಾರು ಮಾಡು ಇದೆ. ಟ್ರೂಡೋಸ್ ಪ್ರದೇಶದಲ್ಲಿ ರೂಢಿಯಲ್ಲಿರುವ ಈ ಎರಡನೆಯ ಮಾಡು ಮಳೆ ಮತ್ತು ಹಿಮದ ತೇವವು ಗೋಡೆಗಳಿಗೆ ಇಳಿಯದಂತೆ ತಡೆದು, ಚಿತ್ರಗಳ ಉಳಿವಿಗೆ ನೆರವಾಗಿದೆ.

ಭಿತ್ತಿಚಿತ್ರಗಳು
ಒದ್ದೆಯಾದ ಸುಣ್ಣದ ಗಾರೆಯ ಮೇಲೆ ಬಣ್ಣ ಹಚ್ಚಿದಾಗ, ಗಾರೆ ಒಣಗುತ್ತಾ ಬಣ್ಣವನ್ನು ತನ್ನೊಳಗೆ ಹಿಡಿದಿಡುತ್ತದೆ. ಫ್ರೆಸ್ಕೊ ಎನಿಸುವ ಈ ವಿಧಾನದ ಚಿತ್ರಗಳು ದೀರ್ಘಕಾಲ ಬಾಳುತ್ತವೆ. ಇಲ್ಲಿ 1105-06ರ ಚಿತ್ರಗಳಲ್ಲಿ ಮರಿಯಳ ಅಂತಿಮ ನಿದ್ರೆ, ಅಪೊಸ್ತಲರು ಯೇಸುವಿನಿಂದ ಪ್ರಸಾದ ಸ್ವೀಕರಿಸುವ ದೃಶ್ಯ ಹಾಗೂ ಹೆಪ್ಪುಗಟ್ಟಿದ ಸರೋವರದಲ್ಲಿ ಪ್ರಾಣತೆತ್ತ ಸೆಬಾಸ್ತೆಯ ನಲವತ್ತು ಹುತಾತ್ಮರ ಚಿತ್ರಣ ಮುಖ್ಯವಾದವು. ಮುಖಮಂಟಪದಲ್ಲಿ ಕುದುರೆಯೇರಿದ ಸಂತ ಜಾರ್ಜನ ಚಿತ್ರವಿದ್ದು, ಇದು 12ನೇ ಶತಮಾನದ ಕೊನೆಯ ಭಾಗಕ್ಕೆ ಸೇರಿದೆ.

1192ರಿಂದ ಸೈಪ್ರಸ್ ಫ್ರಾನ್ಸ್ ಮೂಲದ ಲುಸಿನ್ಯಾನ್ ವಂಶದ ಆಳ್ವಿಕೆಗೆ ಒಳಪಟ್ಟಿತು. ಆಳುವವರು ಲ್ಯಾಟಿನ್ ಕ್ರೈಸ್ತ ಪಂಥದವರಾಗಿದ್ದರೂ ಗ್ರೀಕ್ ಚಿತ್ರಪರಂಪರೆ ಇಲ್ಲಿ ನಿಲ್ಲಲಿಲ್ಲ. 1332-33ರಲ್ಲಿ ಮುಖಮಂಟಪಕ್ಕೆ ಹೊಸ ಚಿತ್ರಗಳನ್ನು ಬರೆಯಲಾಯಿತು. ಅವುಗಳ ನಡುವೆ ಪಾಶ್ಚಾತ್ಯ ಉಡುಪಿನ ದಾನಿಗಳ ಚಿತ್ರಗಳೂ ಇವೆ. ಎರಡು ಸಂಸ್ಕೃತಿಗಳು ಒಂದೇ ನಾಡಿನಲ್ಲಿ ಬಾಳಿದುದಕ್ಕೆ ಈ ಗೋಡೆಗಳು ಸಾಕ್ಷಿಯಾಗಿವೆ.

ಸಂರಕ್ಷಣೆ
1960ರ ದಶಕದಲ್ಲಿ ಅಮೆರಿಕದ ಡಂಬಾರ್ಟನ್ ಓಕ್ಸ್ ಸಂಶೋಧನಾ ಸಂಸ್ಥೆಯು ಚಿತ್ರಗಳನ್ನು ಶುಚಿಗೊಳಿಸಿ ಸಂರಕ್ಷಿಸುವ ಕಾರ್ಯವನ್ನು ಕೈಗೊಂಡಿತು.