ಎಣಿಕೆಯಿಲ್ಲದ ಮಂತ್ರ

ರಜಾದಿನಗಳಲ್ಲಿ ಮಕ್ಕಳು ಮೇಜಿನ ಸುತ್ತ ಕುಳಿತು ಆಡುವ ಕಥೆಯಾಟವನ್ನು ವಾಚಕರಲ್ಲಿ ಕೆಲವರಾದರೂ ಕಂಡಿರಬಹುದು. ಒಬ್ಬನು ಸೂತ್ರಧಾರನಾಗಿ ಕಥೆಯನ್ನು ನಡೆಸುತ್ತಾನೆ. ಉಳಿದವರು ಬಿಲ್ಲುಗಾರ, ಖಡ್ಗಧಾರಿ, ಮಂತ್ರವಾದಿ ಎಂದು ಪಾತ್ರಗಳನ್ನು ವಹಿಸಿಕೊಳ್ಳುತ್ತಾರೆ. ಫಲವು ಸಂದೇಹವಾದಲ್ಲಿ ದಾಳವು ತೀರ್ಪು ಹೇಳುತ್ತದೆ. 1974ರಲ್ಲಿ ಅಮೆರಿಕೆಯ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬವರು ಹೊರತಂದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಇದಕ್ಕೆ ಮೂಲ. ಈ ಆಟದಲ್ಲಿ ಮೇಲಿಂದ ಮೇಲೆ ಜಗಳವೆಬ್ಬಿಸುವ ಪ್ರಶ್ನೆಯೊಂದುಂಟು: ಮಂತ್ರವಾದಿಯು ತನ್ನ ಮಂತ್ರವನ್ನು ದಿನಕ್ಕೆ ಎಷ್ಟು ಸಲ ಪ್ರಯೋಗಿಸಬಹುದು?

ನಮ್ಮ ಹಿರಿಯರ ಕಥೆಗಳಿಗೆ ಈ ಎಣಿಕೆಯ ಬೆಲೆ ಗೊತ್ತಿತ್ತು. ಇಂದ್ರನು ಕರ್ಣನಿಗಿತ್ತ ಶಕ್ತ್ಯಾಯುಧವು ಒಮ್ಮೆಗೆ ಮಾತ್ರ. ಅರ್ಜುನನಿಗೆಂದು ಕಾದಿಟ್ಟಿದ್ದ ಅದನ್ನು ಅವನು ಘಟೋತ್ಕಚನ ಮೇಲೆ ಬಿಡಬೇಕಾಯಿತು. ಆ ಘಟೋತ್ಕಚನ ಸೋದರಮಾವನಾದ ಹಿಡಿಂಬನು ಚಿತ್ರದುರ್ಗದ ಬೆಟ್ಟದಲ್ಲಿದ್ದನೆಂದು ನಮ್ಮ ಸೀಮೆಯವರ ನಂಬಿಕೆ; ಕೋಟೆಯೊಳಗೆ ಹಿಡಿಂಬೇಶ್ವರನ ಗುಡಿ ಇಂದಿಗೂ ಇದೆ. ಆಯುಧವು ಒಂದೇ ಆದುದರಿಂದಲೇ ಆ ರಾತ್ರಿಯ ಯುದ್ಧಕ್ಕೆ ಅಷ್ಟು ಬಿಗಿ. ಕರ್ಣನು ಬೆಳಗಿನ ತನಕ ಶಕ್ತಿಯನ್ನು ಎಸೆಯುತ್ತಲೇ ಇರಬಹುದಾಗಿದ್ದರೆ ಕೇಳುವವರು ನಡುವೆಯೇ ಎದ್ದು ಹೋಗುತ್ತಿದ್ದರು.

ಮೊದಲ ಆಟವೂ ಇದೇ ದಾರಿಯನ್ನು ಹಿಡಿಯಿತು. 1950ರಲ್ಲಿ ಪ್ರಕಟವಾದ ಜ್ಯಾಕ್ ವ್ಯಾನ್ಸರ 'ದಿ ಡೈಯಿಂಗ್ ಅರ್ತ್' ಕಥೆಗಳಲ್ಲಿ ಮಂತ್ರವು ಉಚ್ಚರಿಸಿದೊಡನೆ ನೆನಪಿನಿಂದ ಅಳಿಸಿಹೋಗುತ್ತದೆ. ಆಟಕ್ಕೂ ಅದೇ ನಿಯಮವಾಯಿತು. ಹೊಸ ಮಂತ್ರವಾದಿಗೆ ದಿನಕ್ಕೆ 1 ಮಂತ್ರ. ಅದು ತೀರಿತೆಂದರೆ ಆ ಪಾತ್ರದ ಹುಡುಗನು ಉಳಿದವರ ಆಟವನ್ನು ನೋಡುತ್ತ ಕೂರಬೇಕು. ಇದೂ ನ್ಯಾಯವಲ್ಲ. ಆದುದರಿಂದ 2008ರ ಮತ್ತು 2014ರ ಆವೃತ್ತಿಗಳು ಕೆಲವು ಸಣ್ಣ ಮಂತ್ರಗಳನ್ನು ಎಣಿಕೆಯಿಲ್ಲದೆ ಬಿಟ್ಟುಕೊಟ್ಟವು.

ಬೆಂಕಿಯೆಸೆಯುವ ಮಂತ್ರಕ್ಕೆ ಇದು ಸಲ್ಲುತ್ತದೆ. 2014ರ ನಿಯಮದಂತೆ ಎಳೆಯ ಮಂತ್ರವಾದಿಗೆ 10 ಮುಖದ ಒಂದು ದಾಳ; ಸರಾಸರಿ ಪೆಟ್ಟು 5.5. ಬಿಲ್ಲುಗಾರನಿಗೆ 8 ಮುಖದ ದಾಳ, ಅದರ ಮೇಲೆ ಕೈಚಳಕದ 3 ಸೇರಿದರೆ 7.5. ಮುಗಿಯದ ಮಂತ್ರವಿದ್ದರೂ ಬಿಲ್ಲುಗಾರನ ಗೌರವಕ್ಕೆ ಕುಂದಿಲ್ಲ.

ತೊಡಕು ಹುಟ್ಟುವುದು ಯುದ್ಧದ ಹೊರಗೆ. 2000ದ ಆವೃತ್ತಿಯಲ್ಲಿ ನೀರು ಬರಿಸುವ ಮಂತ್ರವೊಂದಿತ್ತು. ಎಳೆಯ ಅರ್ಚಕನ ಪಾತ್ರಕ್ಕೆ ಇಂತಹ ಸಣ್ಣ ಮಂತ್ರಗಳು ದಿನಕ್ಕೆ ಒಟ್ಟು 3. 2009ರಲ್ಲಿ ಬಂದ 'ಪಾತ್‌ಫೈಂಡರ್' ಆಟವು ಆ ಎಣಿಕೆಯನ್ನು ತೆಗೆದುಹಾಕಿತು. ಒಂದು ಪ್ರಯೋಗಕ್ಕೆ 6 ಸೆಕೆಂಡು, ಬರುವ ನೀರು 2 ಗ್ಯಾಲನ್, ಎಂದರೆ ಸುಮಾರು 7.5 ಲೀಟರು. ಗಂಟೆಗೆ 4,500 ಲೀಟರು! ಹೊಸದುರ್ಗದ ಗೃಹಸ್ಥರಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ. ನಮ್ಮ ತಾಲ್ಲೂಕನ್ನು ಹಾದುಹೋಗುವ ವೇದಾವತಿಗೆ ಮಾರಿಕಣಿವೆಯಲ್ಲಿ 1907ರಲ್ಲಿ ಕಟ್ಟಿ ಮುಗಿಸಿದ ವಾಣಿವಿಲಾಸ ಸಾಗರವು 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದುದು 2022ರಲ್ಲಿ. ಇಂತಹ ಸೀಮೆಯ ಮಕ್ಕಳು ಬರಗಾಲದ ಕಥೆಯನ್ನು ಹೂಡುವುದು ಸಹಜವಷ್ಟೆ. ಬತ್ತಿದ ಬಾವಿ, ಊರು ಬಿಟ್ಟು ಹೊರಟ ಸಂಸಾರ, ನೀರಿನ ಕಣ್ಣನ್ನು ಹುಡುಕಿ ಕಾಡಿಗೆ ಹೋಗುವ ನಾಲ್ವರು. ಎಲ್ಲವೂ ಸಿದ್ಧವಾದಾಗ ಅರ್ಚಕನ ಪಾತ್ರದವನು, “ನಾನು ಸಂಜೆಯವರೆಗೆ ಬಾವಿಕಟ್ಟೆಯ ಮೇಲೆ ಕುಳಿತು ಮಂತ್ರ ಹೇಳುತ್ತೇನೆ” ಎಂದರೆ ಕಥೆ ಅಲ್ಲಿಗೇ ಮುಗಿಯಿತು. ಕುಡಿಯದೆ ಉಳಿದ ನೀರು ಒಂದು ದಿನಕ್ಕೆ ಮಾಯವಾಗುವುದೆಂಬ ಕಟ್ಟು ಆ ಆಟದಲ್ಲಿದೆ, ನಿಜ. ಕೆರೆ ತುಂಬದು, ಆದರೆ ಮನೆಮನೆಯ ಹಂಡೆ ತುಂಬುತ್ತದೆ, ದನಗಳ ಬಾನಿಯೂ ತುಂಬುತ್ತದೆ.

2014ರ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಈ ಮಂತ್ರವನ್ನು ಎಣಿಕೆಯುಳ್ಳವುಗಳ ಪಂಕ್ತಿಯಲ್ಲೇ ಇಟ್ಟಿತು. ನಮಗೆ ಅದೇ ಸರಿಯೆಂದು ತೋರುತ್ತದೆ. ಪೆಟ್ಟು ಕೊಡುವ ಮಂತ್ರವನ್ನು ಬಿಟ್ಟುಬಿಡಬಹುದು, ಅದಕ್ಕೆ ಎದುರಾಳಿಯುಂಟು. ಕೊರತೆಯನ್ನೇ ನೀಗಿಸುವ ಮಂತ್ರಕ್ಕೆ ಲೆಕ್ಕವಿರಬೇಕು. ಹಳೆಯ ಪುಸ್ತಕದಿಂದ ಆಡುವ ಮನೆಗಳಲ್ಲಿ ಸೂತ್ರಧಾರನು ದಿನಕ್ಕೆ 3 ಎಂಬ ಮೊದಲಿನ ಎಣಿಕೆಯನ್ನು ಎಲ್ಲರನ್ನೂ ಕೇಳಿ, ಕಥೆ ತೊಡಗುವ ಮುಂಚೆಯೇ ಗೊತ್ತುಮಾಡಲಿ. ನಡುವೆ ಮಾಡಿದರೆ ಮಕ್ಕಳು ಅದನ್ನು ಶಿಕ್ಷೆಯೆಂದೇ ತಿಳಿಯುತ್ತಾರೆ.

ಇನ್ನೊಂದು ಮಂತ್ರವುಂಟು: ಜೊತೆಯವನ ಕೆಲಸಕ್ಕೆ 4 ಮುಖದ ದಾಳವೊಂದನ್ನು ಕೂಡಿಸಿಕೊಡುವುದು. 2014ರ ಆಟದಲ್ಲಿ ಇದಕ್ಕೂ ಎಣಿಕೆಯಿಲ್ಲ. ಬೀಗ ತೆಗೆಯುವಾಗ, ಗೋಡೆ ಹತ್ತುವಾಗ, ಸುಳ್ಳು ಹೇಳುವಾಗ, ಪ್ರತಿಯೊಂದಕ್ಕೂ ಹುಡುಗನು “ನನ್ನ ಮಂತ್ರವೂ ಸೇರಲಿ” ಎಂದು ಕೂಗುತ್ತಾನೆ. ಇಲ್ಲಿ ಎಣಿಕೆ ಬೇಕಾಗಿಲ್ಲ. ಈ ಮಂತ್ರವನ್ನು ಬಾಯಿಬಿಟ್ಟು ಹೇಳಬೇಕು, ಕೈಸನ್ನೆಯನ್ನೂ ಮಾಡಬೇಕೆಂದು ಪುಸ್ತಕದಲ್ಲಿಯೇ ಇದೆ. ಅರಸನ ಸಭೆಯಲ್ಲಿ ಹಾಗೆ ಮಾಡಿದರೆ ಬಾಗಿಲ ಕಾವಲಿನವರು ತಿರುಗಿ ನೋಡುತ್ತಾರೆ; ಅನಂತರದ ಮಾತನ್ನು ಸೂತ್ರಧಾರನು ಅವರಿಗೆ ಬಿಡಬಹುದು.