ಮಾರ್ಕು ಕಮ್ಮಿ, ಡಾಕ್ಟರಾಗುವ ಆಸೆ ಜೋರು

ನೀಟ್ ಫಲಿತಾಂಶ ಬಂದ ವಾರ ಉಡುಪಿ-ಮಣಿಪಾಲ ಸಿಟಿ ಬಸ್ಸು ಹತ್ತಿದರೆ ಕಂಡಕ್ಟರನ ಸೀಟಿಗಿಂತ ಮೆಡಿಕಲ್ ಸೀಟಿನ ಮಾತೇ ಜೋರು.

“ನಿಮ್ಮ ಹುಡುಗನಿಗೆ ಎಷ್ಟು?”

“ನೂರ ಎಂಬತ್ತು.”

“ಪಾಸಾಯ್ತಲ್ಲ ಮಾರಾಯ್ರೆ!”

“ಪಾಸೇನೋ ಆಯ್ತು. ಸೀಟು ಎಲ್ಲುಂಟು?”

ಈ ಕೊನೆಯ ಪ್ರಶ್ನೆಗೆ ಉತ್ತರ ಗೊತ್ತಿಲ್ಲದೆ ಅಂಗಡಿ ಅಡವಿಡಲು ಹೊರಟವರು ಈ ಜಿಲ್ಲೆಯಲ್ಲಿ ಕಡಿಮೆಯೇನಿಲ್ಲ.

ಮೊದಲು ‘ಪಾಸು’ ಎಂಬ ಮಾತಿನ ಮರ್ಮ ನೋಡಬೇಕು. ನೀಟ್‌ಗೆ ಒಟ್ಟು 720 ಅಂಕ. ಸಾಮಾನ್ಯ ವರ್ಗದವರಿಗೆ 50 ಪರ್ಸೆಂಟೈಲ್, ಮೀಸಲು ವರ್ಗದವರಿಗೆ 40 ಬೇಕು. ಪರ್ಸೆಂಟೈಲ್ ಎಂದರೆ ಪರ್ಸೆಂಟ್ ಅಲ್ಲ. ಬರೆದವರಲ್ಲಿ ಅರ್ಧದಷ್ಟು ಜನರನ್ನು ಹಿಂದೆ ಹಾಕಿದರೆ 50 ಪರ್ಸೆಂಟೈಲ್ ಬಂತು. ಹಾಗಾಗಿ ಸಾಮಾನ್ಯ ವರ್ಗದಲ್ಲಿ 2023ರಲ್ಲಿ 137, 2024ರಲ್ಲಿ 162, 2025ರಲ್ಲಿ 144 ಅಂಕ ತೆಗೆದವರೂ ಅರ್ಹರಾದರು. 144 ಅಂದರೆ ನೂರಕ್ಕೆ ಇಪ್ಪತ್ತು! 2025ರಲ್ಲಿ ಹೀಗೆ ಅರ್ಹರಾದವರು ದೇಶದಲ್ಲಿ 12 ಲಕ್ಷಕ್ಕೂ ಹೆಚ್ಚು, ಎಂ.ಬಿ.ಬಿ.ಎಸ್. ಸೀಟು ಇದ್ದದ್ದು ಸುಮಾರು 1.2 ಲಕ್ಷ. ಹತ್ತು ಜನರಿಗೆ ಒಂದು ಕುರ್ಚಿ. ಮನೆಯಲ್ಲಿ ಲಡ್ಡು ಹಂಚುವ ಮೊದಲು ಈ ಲೆಕ್ಕ ನೋಡುವುದು ಕ್ಷೇಮ.

ಸೀಟಿನ ಬರ ಇಂದು ನಿನ್ನೆಯದಲ್ಲ. ದಕ್ಷಿಣ ಕನ್ನಡ ಮದ್ರಾಸ್ ರಾಜ್ಯದಲ್ಲಿದ್ದ ಕಾಲಕ್ಕೆ ಅಲ್ಲಿ ಸೀಟುಗಳನ್ನು ಜಾತಿವಾರು ಲೆಕ್ಕ ಹಾಕಿ ಹಂಚುತ್ತಿದ್ದರು. ಮೆಡಿಕಲ್ ಸೀಟಿಗಾಗಿ ಕೋರ್ಟಿಗೆ ಹೋದ ಚಂಪಕಂ ದೊರೈರಾಜನ್ ಮೊಕದ್ದಮೆಯಲ್ಲಿ 1951ರಲ್ಲಿ ಸುಪ್ರೀಂ ಕೋರ್ಟು ಆ ಪದ್ಧತಿಯನ್ನು ರದ್ದು ಮಾಡಿತು. ಅದೇ ವರ್ಷ ಸಂವಿಧಾನಕ್ಕೆ ಮೊದಲ ತಿದ್ದುಪಡಿಯೂ ಬಂತು.

ಅದಾಗಿ ಎರಡೇ ವರ್ಷ. ಕಲ್ಯಾಣಪುರದಲ್ಲಿ ಹುಟ್ಟಿದ ಡಾ. ಟಿ.ಎಂ.ಎ. ಪೈ 1953ರಲ್ಲಿ ಮಣಿಪಾಲದ ಬೋಳು ಗುಡ್ಡದ ಮೇಲೆ ಕಸ್ತೂರ್ಬಾ ಮೆಡಿಕಲ್ ಕಾಲೇಜು ತೆರೆದರು. 1928ರಲ್ಲಿ ಪಿಗ್ಮಿ ಯೋಜನೆ ಹೂಡಿ ದಿನಕ್ಕೆ ಎರಡಾಣೆಯಂತೆ ಅಂಗಡಿ ಅಂಗಡಿಯಿಂದ ಹಣ ಕೂಡಿಸಿದ ಸಿಂಡಿಕೇಟ್ ಬ್ಯಾಂಕಿನ ಸ್ಥಾಪಕರಲ್ಲಿ ಒಬ್ಬರು ಅವರು. ಸರಕಾರದ ಬೊಕ್ಕಸ ನೆಚ್ಚಿ ಕೂರುವ ಆಸಾಮಿಯಲ್ಲ. ವಿದ್ಯಾರ್ಥಿಗಳ ಮನೆಯವರಿಂದ ವಂತಿಗೆ ಪಡೆದು ಕಾಲೇಜು ಕಟ್ಟಿದರು. ರೋಗಿಗಳ ಮಧ್ಯೆ ಕಲಿಯಲು ಮಂಗಳೂರಿನ ಸರಕಾರಿ ವೆನ್‌ಲಾಕ್ ಆಸ್ಪತ್ರೆ ಒದಗಿತು. ಸರಕಾರಿ ಕಾಲೇಜಿನ ಬಾಗಿಲಲ್ಲಿ ನಾಲ್ಕು ಮಾರ್ಕಿಗೆ ತಪ್ಪಿದವರಿಗೆ ಇಲ್ಲೊಂದು ಬಾಗಿಲು ತೆರೆಯಿತು. ಆದರೆ ಮಾರ್ಕೂ ಇಲ್ಲ, ದುಡ್ಡೂ ಇಲ್ಲ ಎಂಬವನಿಗೆ ಎರಡೂ ಕಡೆ ಬಾಗಿಲು ಮುಚ್ಚಿಯೇ ಇತ್ತು.

ದಾರಿ ಒಂದಾದ ಮೇಲೆ ಹಿಂದೆ ಬರುವವರಿಗೆ ಬರವೇ? ರಾಜ್ಯದುದ್ದಕ್ಕೂ ಖಾಸಗಿ ಕಾಲೇಜುಗಳು ಎದ್ದವು. 1984ರಲ್ಲಿ ಕರ್ನಾಟಕ ಕ್ಯಾಪಿಟೇಶನ್ ಶುಲ್ಕ ನಿಷೇಧಿಸಿತು. 1992ರಲ್ಲಿ ಮೋಹಿನಿ ಜೈನ್ ಮೊಕದ್ದಮೆ, 1993ರಲ್ಲಿ ಉನ್ನಿಕೃಷ್ಣನ್ ಮೊಕದ್ದಮೆ ಬಂದವು. ಕೊನೆಗೆ 2002ರಲ್ಲಿ ಹನ್ನೊಂದು ನ್ಯಾಯಾಧೀಶರ ಪೀಠ ಕೊಟ್ಟ ದೊಡ್ಡ ತೀರ್ಪಿಗೆ ಇರುವ ಹೆಸರೇ ಟಿ.ಎಂ.ಎ. ಪೈ ಫೌಂಡೇಶನ್. ಖಾಸಗಿಯವರು ಕಾಲೇಜು ನಡೆಸಬಹುದು, ಆದರೆ ಕ್ಯಾಪಿಟೇಶನ್ ಕೂಡದು, ಅರ್ಹತೆ ನೋಡಬೇಕು ಎಂಬುದು ಅದರ ಸಾರ. ನಮ್ಮ ಊರಿನವರ ಹೆಸರು ದೇಶದ ಕಾನೂನು ಪುಸ್ತಕ ಸೇರಿದ್ದು ಹೀಗೆ.

ಈಗಿನ ಕತೆ ಬೇರೆ. ಮಣಿಪಾಲ 1993ರಿಂದ ಡೀಮ್ಡ್ ವಿಶ್ವವಿದ್ಯಾಲಯ. ಸೀಟು ಹಂಚುವುದು ದೆಹಲಿಯ ಕೌನ್ಸೆಲಿಂಗ್ ಸಮಿತಿ, ದೇಶಕ್ಕೆಲ್ಲ ಒಂದೇ ರ‍್ಯಾಂಕಿನ ಮೇಲೆ. ಕಾಪುವಿನ ಹುಡುಗನಿಗೂ ಕಾನ್ಪುರದ ಹುಡುಗನಿಗೂ ವ್ಯತ್ಯಾಸವಿಲ್ಲ. ಶುಲ್ಕವೋ, ವರ್ಷಕ್ಕೆ ಹತ್ತು ಲಕ್ಷ ದಾಟುತ್ತದೆ. ಡಾಕ್ಟರುಗಳ ಜಿಲ್ಲೆ ಎಂದು ಹೇಳಿಕೊಳ್ಳುವ ಉಡುಪಿಯಲ್ಲಾಗಲಿ, ಪಕ್ಕದ ದಕ್ಷಿಣ ಕನ್ನಡದಲ್ಲಾಗಲಿ ಸರಕಾರಿ ಮೆಡಿಕಲ್ ಕಾಲೇಜು ಒಂದೂ ಇಲ್ಲ. ಕಾರವಾರಕ್ಕೋ ಶಿವಮೊಗ್ಗಕ್ಕೋ ಹೋಗಬೇಕು.

“ದುಬೈಯಲ್ಲಿ ಮಾವ ಇದ್ದಾರೆ, ಎನ್.ಆರ್.ಐ. ಸೀಟಲ್ಲಿ ಹಾಕುವ” ಎನ್ನುವವರೂ ಉಂಟು. ಆ ಕೋಟಾದಲ್ಲಿ ಕಡಿಮೆ ರ‍್ಯಾಂಕಿಗೆ ಸೀಟು ಸಿಗುವುದು ನಿಜ, ಶುಲ್ಕ ಮಾತ್ರ ಇನ್ನೂ ದುಬಾರಿ. ನೀಟ್ ಅರ್ಹತೆ ಅಲ್ಲಿಯೂ ಬೇಕು. ದೂರದ ನೆಂಟರನ್ನೂ ಎನ್.ಆರ್.ಐ. ಲೆಕ್ಕಕ್ಕೆ ಸೇರಿಸಲು ಹೊರಟ ಪಂಜಾಬ್ ಸರಕಾರಕ್ಕೆ 2024ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ‘ಇದು ವಂಚನೆ’ ಎಂದೇ ಹೇಳಿತು.

ಇನ್ನು ಬ್ರೋಕರುಗಳು. “ಮ್ಯಾನೇಜ್‌ಮೆಂಟ್ ಕೋಟಾ ನಮ್ಮ ಕೈಯಲ್ಲುಂಟು, ಎರಡು ಲಕ್ಷ ಅಡ್ವಾನ್ಸ್ ಕೊಡಿ” ಎಂದು ಫೋನು ಬಂದರೆ ಇಟ್ಟುಬಿಡುವುದೇ ಲೇಸು. ಮ್ಯಾನೇಜ್‌ಮೆಂಟ್ ಸೀಟೂ ಕೌನ್ಸೆಲಿಂಗ್ ಮೂಲಕವೇ ಹೋಗಬೇಕು. ಮಧ್ಯದವನಿಗೆ ಅಲ್ಲಿ ಕೆಲಸವೇ ಇಲ್ಲ.

ವಿದೇಶಕ್ಕೆ ಹೋಗುವುದಾದರೆ? 2018ರಿಂದ ಅದಕ್ಕೂ ನೀಟ್ ಅರ್ಹತೆ ಬೇಕು. ಓದಿ ಬಂದ ಮೇಲೆ ಇಲ್ಲಿ 300 ಅಂಕದ ಪರೀಕ್ಷೆಯಲ್ಲಿ 150 ತೆಗೆಯಬೇಕು. ಅದರಲ್ಲಿ ಫೇಲಾಗುವವರೇ ಹೆಚ್ಚು. 2022ರಲ್ಲಿ ಉಕ್ರೇನಿನ ಖಾರ್ಕಿವ್‌ನಲ್ಲಿ ಶೆಲ್ ದಾಳಿಗೆ ಜೀವ ತೆತ್ತ ಹಾವೇರಿ ಜಿಲ್ಲೆಯ ಹುಡುಗನನ್ನು ಯಾರೂ ಮರೆತಿಲ್ಲ. ಪಿಯುಸಿಯಲ್ಲಿ ಅವನ ಮಾರ್ಕು ಕಮ್ಮಿಯೇನಿರಲಿಲ್ಲ.

ಹಾಗಾದರೆ ಕಡಿಮೆ ಮಾರ್ಕಿನವನಿಗೆ ದಾರಿ ಏನು? ಇನ್ನೊಂದು ವರ್ಷ ‘ಲಾಂಗ್ ಟರ್ಮ್’ ಕೂರುವುದು ಒಂದು. ಎಷ್ಟು ಸಲ ಬೇಕಾದರೂ ಬರೆಯಬಹುದು. ವಯಸ್ಸಿನ ಮೇಲ್ಮಿತಿಯನ್ನು 2022ರಲ್ಲೇ ತೆಗೆದಿದ್ದಾರೆ. ಕಾರ್ಕಳದ ಸುತ್ತಿನ ಹಾಸ್ಟೆಲ್ ಕಾಲೇಜುಗಳು ತುಂಬುತ್ತಿರುವುದು ಈ ನೀಟ್ ಓದಿನಿಂದಲೇ. 180 ಅಂಕದವನು ಒಂದು ವರ್ಷದಲ್ಲಿ ಸರಕಾರಿ ಸೀಟಿನ ರ‍್ಯಾಂಕಿಗೆ ಏರುವುದು ಸುಲಭವಲ್ಲ, 400 ದಾಟಿದವನಿಗೆ ಆಸೆ ಉಂಟು. ಆಯುರ್ವೇದ ಆಗಬಹುದಾದರೆ ಉಡುಪಿಯ ಕುತ್ಪಾಡಿಯಲ್ಲೇ 1958ರ ಕಾಲೇಜಿದೆ. ಅದಕ್ಕೂ ನೀಟ್ ಬೇಕು. ಬಿ.ಎಸ್ಸಿ. ನರ್ಸಿಂಗಿಗೆ, ಬಿ.ಫಾರ್ಮಾಕ್ಕೆ ಸಿ.ಇ.ಟಿ. ಸಾಕು.

ಹಳ್ಳಿಯವರು ಕೈಬಿಡುವ ಇನ್ನೊಂದು ಸಂಗತಿ ಇದೆ. ರಾಜ್ಯದ ಸರಕಾರಿ ಸೀಟುಗಳಲ್ಲಿ ಒಂದರಿಂದ ಹತ್ತರವರೆಗೆ ಗ್ರಾಮೀಣ ಶಾಲೆಯಲ್ಲಿ ಓದಿದವರಿಗೆ ಶೇ. 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಮೀಸಲು. ಹತ್ತಾರು ಅಂಕಗಳ ವ್ಯತ್ಯಾಸ ಇಲ್ಲಿ ತುಂಬಿಹೋಗಬಹುದು. ಆದರೆ ಹತ್ತು ವರ್ಷದ ಲೆಕ್ಕ ಶಾಲೆಯಿಂದ ಬರೆಸಿ, ಬಿ.ಇ.ಒ. ಸಹಿ ಹಾಕಿಸಿ ಇಟ್ಟಿರಬೇಕು. ಕೊನೆಯ ದಿನ ಶಿರ್ವದಿಂದಲೋ ಹೆಬ್ರಿಯಿಂದಲೋ ಬಸ್ಸು ಹಿಡಿದು ಓಡಿ ಬಂದರೆ ಸಾಹೇಬರು ಮೀಟಿಂಗಿಗೆ ಹೋಗಿರುತ್ತಾರೆ.